ಕೂಸಿನ ತೂಕ

ನಮ್ಮ ಮನೆಯಲ್ಲಿ ‘ಕಮ್ಮಿ’ ಎಂಬ ಮಾತನ್ನು ಯಾರೂ ಆಡುವಂತಿರಲಿಲ್ಲ. ಹಿಟ್ಟಿನ ಡಬ್ಬಿ ಬರಿದಾದರೆ ಹಿಟ್ಟು ಹೆಚ್ಚಾಗಿದೆ ಎನ್ನಬೇಕು, ಬಳೆ ಒಡೆದರೆ ಬಳೆ ಹೆಚ್ಚಾಗಿದೆ ಎನ್ನಬೇಕು, ಕಾಳು ಅಳೆಯುವಾಗ ಒಂದು ಎನ್ನದೆ ‘ಲಾಭ’ ಎಂದು ಎಣಿಕೆ ಶುರು ಮಾಡಬೇಕು. ರೋಣದ ಪೇಟೆಯಲ್ಲಿ ನಮ್ಮಜ್ಜನದು ಅಡತಿ ಅಂಗಡಿ. ಸುತ್ತಲಿನ ಊರುಗಳ ರೈತರು ತಂದ ಮಾಲನ್ನು ತೂಗಿ, ಮಾರಿಸಿಕೊಟ್ಟು, ಅದರ ಮೇಲೆ ದಲಾಲಿ ತೆಗೆದುಕೊಳ್ಳುವ ವ್ಯಾಪಾರ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಬಾಗಿಲಿನ ಆಚೆ ಗಾದಿ, ಗಾದಿಯ ಮೇಲೆ ಅಜ್ಜ, ಅಜ್ಜನ ಎದುರಿಗೆ ತೊಲೆಯಿಂದ ಇಳಿಬಿಟ್ಟ ದೊಡ್ಡ ತಕ್ಕಡಿ. ಬಾಗಿಲಿನ ಈಚೆ ನಾವು, ಅಂದರೆ ಹೆಂಗಸರು, ಒಲೆ, ಹೊಗೆ, ಮುಸುರೆ. ಹೆಂಗಸರು ಆ ಬಾಗಿಲು ದಾಟುವಂತಿರಲಿಲ್ಲ, ಎಲ್ಲಿಗೆ ಹೋಗುವುದಿದ್ದರೂ ಹಿತ್ತಲ ಓಣಿಯಿಂದಲೇ ಹೋಗಬೇಕು. ಮೆಣಸಿನಕಾಯಿ ಸುಗ್ಗಿಯಲ್ಲಿ ಘಾಟು ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಆ ಬಾಗಿಲು ದಾಟಿ ಒಳಗೆ ಬರುತ್ತಿತ್ತು. ಆಗ ಅಡುಗೆಮನೆಯಲ್ಲಿ ನಾವೆಲ್ಲ ಸೆರಗು, ಲಂಗದ ತುದಿ, ಕೈಗೆ ಸಿಕ್ಕಿದ್ದನ್ನು ಮೂಗಿಗೆ ಹಿಡಿದುಕೊಂಡು ರೊಟ್ಟಿ ಬಡಿಯುತ್ತಿದ್ದೆವು.

ಆ ತಕ್ಕಡಿ ನಮ್ಮ ಮನೆಯ ದೇವರಿಗಿಂತ ಒಂದು ಕೈ ಮೇಲೆಯೇ. ದೇವರ ಜಗುಲಿಯ ಲಿಂಗಪ್ಪನಿಗೆ ಬೆಳಿಗ್ಗೆ ಒಂದು ಸಲ ಪೂಜೆಯಾದರೆ, ತಕ್ಕಡಿಗೆ ಅಂಗಡಿ ತೆರೆಯುವಾಗ ಒಂದು ಸಲ, ದೀಪ ಹಚ್ಚಿದ ಮೇಲೆ ಇನ್ನೊಂದು ಸಲ. ಅದನ್ನು ಹೆಂಗಸರು ಮುಟ್ಟಬಾರದು. ಅದರ ಮೇಲೆ ಕೂಸನ್ನಂತೂ ಇಡಲೇಬಾರದು. ಕೂಸಿನ ತೂಕ ಮಾಡಿದರೆ ಆಯುಷ್ಯದ ತೂಕ ಮಾಡಿದಂತೆ ಎಂದು ನಮ್ಮಜ್ಜನ ಅಪ್ಪ ಯಾವಾಗಲೋ ಹೇಳಿದ್ದನಂತೆ. ಹೇಳಿದವನು ಹೋದ, ಮಾತು ಮನೆಯಲ್ಲಿ ಉಳಿಯಿತು. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಇಂಥ ಮಾತುಗಳಿಗೆಲ್ಲ ಕಾವಲುಗಾರ್ತಿ. ಕೈಬಿಚ್ಚಿ ಕೊಡುವ ಹೆಂಗಸು, ಅದರಲ್ಲಿ ಎರಡು ಮಾತಿಲ್ಲ. ಮೊಸರು ಕೇಳಿ ಬಂದವರಿಗೆ ಬಟ್ಟಲು ತುಂಬ ಹಾಕಿ, ಮೇಲೆ ಇನ್ನೊಂದು ಸೌಟು ಸುರಿಯುವಳು. ಜೋಳ ಅಳೆದುಕೊಟ್ಟರೆ ಮೇಲೊಂದು ಹಿಡಿ. ಅದಕ್ಕೆ ಕೊಸರು ಎನ್ನುತ್ತಾರೆ, ನಿಮಗೂ ಗೊತ್ತಿರುತ್ತದೆ. ನಮ್ಮ ಮನೆಯಲ್ಲಿ ಕೊಸರಿಲ್ಲದೆ ಯಾವುದೂ ಯಾರ ಕೈಗೂ ಹೋಗುತ್ತಿರಲಿಲ್ಲ. ಬೈಗುಳವೂ ಅಷ್ಟೇ, ಒಂದು ಕೇಳಿದ ತಪ್ಪಿಗೆ ಮೇಲೊಂದು ಪುಕ್ಕಟೆ ಸಿಗುತ್ತಿತ್ತು.

ಊಟದ ಹೊತ್ತಿಗೆ ಅಜ್ಜ ಬಾಯಿಲೆಕ್ಕ ಕೇಳುತ್ತಿದ್ದ. ಪಡಸಾಲೆಯಲ್ಲಿ ಅಜ್ಜ, ಅಪ್ಪ, ನನ್ನ ಅಣ್ಣ ಬಸು ಸಾಲಾಗಿ ಕೂಡುವರು. ಅವ್ವ ತಲೆಯ ಮೇಲೆ ಸೆರಗು ಹೊದ್ದು ಬಡಿಸುವಳು. ಅವ್ವ ಆ ಮನೆಗೆ ಬಂದು ಎಷ್ಟೋ ವರ್ಷಗಳಾಗಿದ್ದರೂ ಮಾವನ ಎದುರಿಗೆ ಒಂದು ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಲೆಕ್ಕ ಕೇಳುವುದು ಬಸುವಿಗೆ ಮಾತ್ರ, ಏಕೆಂದರೆ ಮುಂದೆ ಗಾದಿಯ ಮೇಲೆ ಕೂಡುವವನು ಅವನು. ಹೇಳಿದರೆ ರೊಟ್ಟಿಯ ಮೇಲೆ ಇನ್ನೊಂದು ಸೌಟು ತುಪ್ಪ. ನಾನು ಅಡುಗೆಮನೆಯ ಹೊಸ್ತಿಲ ಒಳಗೆ ಕುಳಿತು ರೊಟ್ಟಿ ಮುರಿಯುತ್ತ ಕೇಳಿಸಿಕೊಳ್ಳಬೇಕು. ಕೇಳಿಸಿಕೊಂಡು ಸುಮ್ಮನಿರುವ ಜಾತಿ ನನ್ನದಲ್ಲ. ಬಸುವಿಗೆ ಗಾಳಿಪಟ ಕಟ್ಟುವುದು, ಕಲ್ಲು ಹೊಡೆದು ಹುಣಸೆಕಾಯಿ ಬೀಳಿಸುವುದು ಇಂಥ ವಿದ್ಯೆಗಳು ಚೆನ್ನಾಗಿ ಒಲಿದಿದ್ದವು. ಲೆಕ್ಕ ಒಲಿದಿರಲಿಲ್ಲ.

“ಹತ್ತ ರೂಪಾಯಿಕ್ಕ ತಂದದ್ದನ್ನ ಹನ್ನೆರಡಕ್ಕ ಮಾರಿದ್ವಿ. ನೂರಕ್ಕ ಎಷ್ಟ ಲಾಭ ಬಿತ್ತಲೇ ಬಸ್ಯಾ?”

“ಎರಡ್ರಿ ಅಜ್ಜಾರ.”

“ಇಪ್ಪತ್ತು!” ಎಂದು ನಾನು ಒಳಗಿನಿಂದ ಕೂಗಿದೆ.

“ಹಾಂ, ಇಪ್ಪತ್ತು. ಶಾಬಾಸ್ ಬಸು. ತುಪ್ಪಾ ಹಾಕ್ರಿ ಅವಗ.”

ಅಜ್ಜನ ಕಿವಿ ಅಷ್ಟೊಂದು ಮಂದವಾಗಿರಲಿಲ್ಲ. ಉತ್ತರ ಯಾವ ದಿಕ್ಕಿನಿಂದ ಬಂತೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಸು ತುಪ್ಪ ಸವರಿದ ಬೆರಳು ನೆಕ್ಕುತ್ತ ನನ್ನ ಕಡೆ ನೋಡಿ ಹಲ್ಲು ಕಿಸಿಯುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ತುಪ್ಪದ ಆಸೆಯಿಂದಲ್ಲ, ನಮ್ಮ ಹಿತ್ತಲಲ್ಲಿ ಎಮ್ಮೆ ಇತ್ತು, ತುಪ್ಪಕ್ಕೇನೂ ಬರವಿರಲಿಲ್ಲ. ನನ್ನ ಉತ್ತರ ಅವನ ಹೆಸರಿಗೆ ಹೋಗುವುದು ನನಗೆ ಸೇರುತ್ತಿರಲಿಲ್ಲ. ಒಂದು ಸಂಜೆ ಅಜ್ಜ ಇನ್ನೊಂದು ಲೆಕ್ಕ ಕೇಳಿದ. ನೂರು ರೂಪಾಯಿಯ ಮಾಲಿನ ಧಾರಣೆ ನೂರಕ್ಕೆ ಇಪ್ಪತ್ತು ಏರಿತು, ಆಮೇಲೆ ನೂರಕ್ಕೆ ಇಪ್ಪತ್ತು ಇಳಿಯಿತು, ಈಗ ಎಷ್ಟು? ಬಸು ನೂರು ಎಂದ. ಅಪ್ಪನೂ ಹೌದೆನ್ನುವಂತೆ ತಲೆಯಾಡಿಸಿದ. ನಾನು ರೊಟ್ಟಿ ಕೆಳಗಿಟ್ಟು ಹೊಸ್ತಿಲ ಮೇಲೆಯೇ ಬಂದು ನಿಂತೆ.

“ತೊಂಬತ್ತಾರು. ಏರುಮುಂದ ನೂರರ ಮ್ಯಾಲ ಏರೇತಿ, ಇಳಿಯುಮುಂದ ನೂರಾ ಇಪ್ಪತ್ತರ ಮ್ಯಾಲ ಇಳದೈತಿ. ಇಪ್ಪತ್ನಾಕ ಹೋಗ್ತಾವು, ಇಪ್ಪತ್ತಲ್ಲ.”

ಅಜ್ಜನ ಕೈಯೊಳಗಿನ ತುತ್ತು ಅಲ್ಲೇ ನಿಂತಿತು. ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದು ಹಣೆಯ ಮೇಲೆ ಕಾಣುತ್ತಿತ್ತು.

“ಹೆಣ್ಣ ಹುಡುಗೀ ಬಾಯಿ ಅಡಗಿಮನ್ಯಾಗ ಇರ್ಲಿ,” ಎಂದ.

“ಅಡಗಿಮನ್ಯಾಗನ ಐತ್ರಿ ಅಜ್ಜಾರ. ಅಲ್ಲಿಂದನ ಹೇಳಾಕತ್ತೀನಿ.”

ಆಯಿ ಒಳಗೆ ಕರೆದು ನನ್ನ ತೊಡೆ ಚಿವುಟಿದಳು, ಕೊಸರಿನ ಸಮೇತ. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಲೆಯ ಕಡೆ ತಿರುಗಿದಳು. ಅವಳು ನಕ್ಕಳೋ ಅತ್ತಳೋ ಆಗ ನನಗೆ ತಿಳಿಯಲಿಲ್ಲ. ಸಾಲೆಯಲ್ಲಿ ನಮ್ಮ ಲೆಕ್ಕದ ಮಾಸ್ತರರು ಆಗ ತ್ರೈರಾಶಿ ಹೇಳಿಕೊಡುತ್ತಿದ್ದರು. ಇಷ್ಟು ಆಳಿಗೆ ಇಷ್ಟು ದಿನ, ಅಷ್ಟು ಆಳಿಗೆ ಎಷ್ಟು ದಿನ, ಇಷ್ಟು ತೂಕದ ದನಕ್ಕೆ ಇಷ್ಟು ಔಷಧ, ಅಷ್ಟು ತೂಕದ ಕರುವಿಗೆ ಎಷ್ಟು. ಮಾಸ್ತರರು ಒಂದು ಮಾತನ್ನು ಬಿಡದೆ ಹೇಳುತ್ತಿದ್ದರು. ಕೊಟ್ಟ ಅಂಕಿ ಖರೇ ಇದ್ದರೆ ಉತ್ತರ ಖರೇ, ಕೊಟ್ಟದ್ದೇ ಸುಳ್ಳಾದರೆ ನೀವು ಎಷ್ಟು ಶಾಣ್ಯಾ ಇದ್ದರೂ ಉತ್ತರ ಸುಳ್ಳೇ. ನಾನು ಮುಂದೆ ಅದೇ ಲೆಕ್ಕಗಳನ್ನು ಗಜೇಂದ್ರಗಡದಲ್ಲೂ ನರಗುಂದದಲ್ಲೂ ಊರ ಮಕ್ಕಳಿಗೆ ಕಲಿಸುತ್ತ ಆಯುಷ್ಯ ಕಳೆದೆ. ಆದರೆ ಆ ಮಾತು ನನಗೆ ಸಾಲೆಯಲ್ಲಿ ಅರ್ಥವಾದದ್ದಲ್ಲ, ಮನೆಯಲ್ಲಿ ಅರ್ಥವಾದದ್ದು.

ನನ್ನ ತಮ್ಮ ಚನ್ನು ದಿನ ತುಂಬುವ ಮೊದಲೇ ಹುಟ್ಟಿದ ಕೂಸು. ಕೈಕಾಲು ನೋಡಿದರೆ ಕಡ್ಡಿ. ಆಯಿ ಅದನ್ನು ಯಾರ ಕಣ್ಣಿಗೂ ಬೀಳಗೊಡುತ್ತಿರಲಿಲ್ಲ. ತಲೆಗೆ ಕುಲಾವಿ, ಅದರ ಮೇಲೊಂದು ಕುಲಾವಿ, ಮೈಗೆ ಎರಡು ಅಂಗಿ, ಮೇಲೆ ಕೌದಿ ಸುತ್ತಿ, ಒಟ್ಟಿನಲ್ಲಿ ಒಂದು ದೊಡ್ಡ ಗಂಟು ಮಾಡಿ ತೊಡೆಯ ಮೇಲಿಟ್ಟುಕೊಳ್ಳುವಳು. ಬಂದವರು ಎಷ್ಟು ದುಂಡಗಿದೆ ಕೂಸು ಎನ್ನಬೇಕು, ಅವಳು ದೃಷ್ಟಿ ತೆಗೆಯಬೇಕು. ಚನ್ನುವಿಗೆ ಹತ್ತು ತಿಂಗಳಾದಾಗ ಮೆಣಸಿನಕಾಯಿ ಸುಗ್ಗಿಯ ಥಂಡಿಯಲ್ಲಿ ನೆಗಡಿ ಹತ್ತಿತು. ಮೂಗು ಕಟ್ಟಿ ಮೊಲೆ ಕುಡಿಯಲಾಗದೆ ಅಳತೊಡಗಿತು. ಆಯಿ ಅದನ್ನೆತ್ತಿಕೊಂಡು ದವಾಖಾನೆಗೆ ಹೊರಟಳು, ಚೀಲ ಹಿಡಿಯಲು ನಾನು ಹಿಂದೆ. ಅಲ್ಲಿ ಕೂಸುಗಳನ್ನು ಮಲಗಿಸಿ ತೂಗುವ ತಟ್ಟೆ ಕೆಟ್ಟು ಮೂಲೆ ಸೇರಿತ್ತು, ದೊಡ್ಡವರು ನಿಲ್ಲುವ ಕಾಟಾ ಒಂದೇ ಇತ್ತು.

“ಎತ್ಕೊಂಡು ಇದರ ಮ್ಯಾಲ ನಿಂದರ್ರಿ ಅಮ್ಮಾರ,” ಎಂದರು ಡಾಕ್ಟರು. “ಆಮ್ಯಾಲ ನೀವೊಬ್ಬರ ನಿಂದರ್ರಿ. ಕಳದ್ರ ಕೂಸಿನ ತೂಕ ಸಿಗ್ತದ.”

“ನಮ್ಮ ಮನ್ಯಾಗ ಕೂಸಿನ ತೂಕ ಮಾಡಂಗಿಲ್ರೀ,” ಎಂದಳು ಆಯಿ, ಹಿಂದೆ ಸರಿದು. “ಹತ್ತ ಕಿಲೋ ಐತಿ, ಬರ್ಕೋರಿ. ಅಡತಿ ಅಂಗಡಿ ಮನಿಯಾಕಿ ನಾ. ಕೈಯಾಗ ಹಿಡದ್ರ ಸಾಕು, ತೂಕ ಗೊತ್ತಾಕ್ಕೈತಿ ನನಗ.”

“ಹತ್ತ ಖರೇನಾ?”

“ಹತ್ತರ ಮ್ಯಾಲನ ಇದ್ದೀತು.”

ಡಾಕ್ಟರು ಗಂಟಿನ ಗಾತ್ರ ನೋಡಿದರು, ಆಯಿಯ ಮುಖ ನೋಡಿದರು, ಹೊರಗೆ ಕೂತ ಜನರ ಸಾಲು ನೋಡಿದರು. ಒಂದು ಸಣ್ಣ ಬಾಟಲಿ ಕೊಟ್ಟು ಕಿಲೋಕ್ಕೆ ಎರಡು ಹನಿ, ಹತ್ತು ಕಿಲೋ ಅಂದರೆ ಇಪ್ಪತ್ತು ಹನಿ, ದಿನಕ್ಕೆ ಮೂರು ಸಲ ಎಂದರು. ಹೆಚ್ಚು ಹಾಕಬೇಡಿ, ಹೆಚ್ಚಾದರೆ ಕೂಸು ಮಂಕಾಗುತ್ತದೆ ಎಂದೂ ಹೇಳಿದರು. ಆಯಿ ಹೂಂ ಎಂದಳು. ಮನೆಗೆ ಬಂದು ಕೂಸಿಗೆ ಔಷಧ ಕುಡಿಸುವ ಬೆಳ್ಳಿಯ ಒಳ್ಳೆಯನ್ನು ತೊಳೆದು, ಅದರಲ್ಲಿ ಹನಿ ಎಣಿಸಲು ಕೂತಳು. ಲಾಭ, ಎರಡು, ಮೂರು ಎಂದು ಶುರುವಾಗಿ ಇಪ್ಪತ್ತಕ್ಕೆ ಬಂತು. ಅಲ್ಲಿಗೆ ಕೈ ನಿಲ್ಲಬೇಕಲ್ಲ? ನಿಲ್ಲಲಿಲ್ಲ. ಮೇಲೆ ಇನ್ನೂ ಆರು ಹನಿ ಬಿದ್ದವು.

“ಆಯೀ, ಇಪ್ಪತ್ತಂದ್ರ ಇಪ್ಪತ್ತ ಅಂದಾರ ಡಾಕ್ಟರು!”

“ಕೊಸರಿಲ್ದ ಕೊಡಾಕ ನಾ ಏನ್ ಕೂಸಿಗೆ ಉದ್ರಿ ಮಾರಾಕತ್ತೀನಿ? ಸುಮ್ನ ಕುಂದ್ರು.”

ಆ ಸಂಜೆ ಮತ್ತೊಮ್ಮೆ, ಮರುದಿನ ಬೆಳಿಗ್ಗೆ ಇನ್ನೊಮ್ಮೆ ಅದೇ ಅಳತೆಯಲ್ಲಿ ಔಷಧ ಹೋಯಿತು. ಕೂಸು ಅಳು ನಿಲ್ಲಿಸಿತು. ಮಲಗಿತು. ಮಲಗೇ ಇತ್ತು. ಆಯಿಗೆ ಖುಷಿಯೋ ಖುಷಿ, ಬಂದವರಿಗೆಲ್ಲ ಹೇಳುತ್ತಿದ್ದಳು, ನೆಗಡಿ ಇಳಿಯಿತು, ಆರಾಮಾಗಿ ನಿದ್ದೆ ಮಾಡುತ್ತಿದೆ ಎಂದು. ಅವ್ವ ಮಾತ್ರ ತೊಟ್ಟಿಲ ಹತ್ತಿರ ಹೋಗುವುದು, ಎತ್ತಿಕೊಳ್ಳುವುದು, ಎದೆಗೆ ಹಚ್ಚುವುದು, ಮತ್ತೆ ಮಲಗಿಸುವುದು. ಹಾಲು ಕಟ್ಟಿ ಅವಳ ಕುಪ್ಪಸ ತೊಯ್ದಿತ್ತು.

“ಕುಡೀವಲ್ದು ನೀಲಾ,” ಎಂದಳು ನನ್ನ ಹತ್ತಿರ, ಪಿಸುದನಿಯಲ್ಲಿ. “ಬಾಯಿ ತಗೀವಲ್ದು.”

“ಆಯಿಗೆ ಹೇಳು.”

“ಹೇಳಿದ್ನಿ. ಮಲಗಿದ ಕೂಸಿನ್ನ ಎಬ್ಬಿಸಬ್ಯಾಡ ಅಂದ್ರು.”

ನಾನು ಚನ್ನುವನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡೆ. ಅವನ ಕುತ್ತಿಗೆ ನನ್ನ ಹೆಗಲ ಮೇಲೆ ಬಿತ್ತು, ಎಬ್ಬಿಸಿದರೂ ಕಣ್ಣು ತೆರೆಯಲಿಲ್ಲ. ನನಗೆ ಹೆದರಿಕೆಯಾಯಿತು. ಆಗಲೇ ಇನ್ನೊಂದು ಸಂಗತಿಯೂ ಹೊಳೆಯಿತು. ಗಿರಣಿಗೆ ಜೋಳ ಒಯ್ಯುವವಳು ನಾನು, ಒಂದು ಸಲಕ್ಕೆ ಹತ್ತು ಕಿಲೋ, ಅಜ್ಜನ ತಕ್ಕಡಿಯಲ್ಲಿ ತೂಗಿಸಿಯೇ ಕೊಡುವರು. ಅದೇ ಸೊಂಟದ ಮೇಲೆ ಇಟ್ಟುಕೊಂಡು ಹೋದರೆ ಗಿರಣಿ ಮುಟ್ಟುವಷ್ಟರಲ್ಲಿ ಬೆನ್ನು ಬಾಗುತ್ತಿತ್ತು, ನಡುವೆ ಎರಡು ಕಡೆ ಇಳಿಸಬೇಕಾಗುತ್ತಿತ್ತು. ಈ ಕೂಸನ್ನು ಹಿಡಿದು ನಾನು ಓಣಿಯೆಲ್ಲ ಸುತ್ತಿ ಬರುತ್ತಿದ್ದೆ, ಬೆನ್ನಿಗೆ ಏನೂ ಆಗುತ್ತಿರಲಿಲ್ಲ. ಇದು ಹತ್ತು ಕಿಲೋ ಇರಲು ಸಾಧ್ಯವೇ ಇಲ್ಲ. ಕೊಟ್ಟ ಅಂಕಿಯೇ ಸುಳ್ಳು. ಹಾಗಾದರೆ ಇಪ್ಪತ್ತು ಹನಿಯೂ ಸುಳ್ಳು, ಅದರ ಮೇಲಿನ ಆರಂತೂ ಕೇಳುವುದೇ ಬೇಡ. ಹೋಗಿ ಆಯಿಗೆ ಹೇಳಿದೆ.

“ಆಯೀ, ಚನ್ನು ಹತ್ತ ಕಿಲೋ ಇಲ್ಲ. ಕಮ್ಮಿ ಅದಾನ.”

ಆ ಮಾತು ಕೇಳಿದ್ದೇ ತಡ, ಆಯಿ ನನ್ನ ಬಾಯಿಯ ಮೇಲೆ ಹೊಡೆದಳು.

“ಬಾಯಾಗ ಹುಳಾ ಬೀಳ್ಲಿ ನಿನ್ನ! ಕೂಸಿಗೆ ಕಮ್ಮಿ ಅಂತಿ? ಮೊಲೆ ಹಾಲು ಕುಡಿಯೋ ಕೂಸಿಗೆ? ಬಿಡು, ಔಷಧದ ಹೊತ್ತಾತು. ಬಾಟ್ಲಿ ತರ್ತೀನಿ.”

ಅವಳು ಬಾಟಲಿ ತರಲು ಒಳಗೆ ಹೋದಳು. ಅವ್ವ ಗೋಡೆಗೆ ಆತು ನಿಂತಿದ್ದಳು, ಕಣ್ಣು ತುಂಬ ನೀರು. ನನಗೆ ಅವಳ ಮೇಲೂ ಸಿಟ್ಟು ಬಂತು. ತಾಯಿ ನೀನು, ಕಿತ್ತುಕೋ ಎನ್ನಬೇಕೆನಿಸಿತು. ಅನ್ನಲಿಲ್ಲ, ಅಷ್ಟು ಹೊತ್ತಿರಲಿಲ್ಲ. ಚನ್ನುವನ್ನು ಎದೆಗೆ ಅವಚಿಕೊಂಡು ನಡುಬಾಗಿಲು ದೂಡಿ ಅಂಗಡಿಗೆ ನಡೆದೆ. ಅಂದು ಸಂತೆಯ ದಿನ. ಅಪ್ಪ ಮಾಲಿನ ಗಾಡಿಯ ಸಂಗಡ ಗದಗಿಗೆ ಹೋಗಿದ್ದ. ಅಂಗಡಿ ತುಂಬ ರೈತರು, ಚೀಲಗಳು, ಕೆಂಪಗೆ ಹರಡಿದ ಮೆಣಸಿನಕಾಯಿ. ಅಜ್ಜ ಗಾದಿಯ ಮೇಲೆ ಯಾರ ಸಂಗಡಲೋ ಧಾರಣೆಯ ಮಾತಿನಲ್ಲಿದ್ದ. ಬಸು ತೂಕದ ಕಲ್ಲುಗಳ ಹತ್ತಿರ ನಿಂತಿದ್ದ. ತಕ್ಕಡಿಯ ತಟ್ಟೆ ಆಗ ತಾನೇ ಬರಿದಾಗಿತ್ತು. ನಾನು ಲಂಗದಿಂದ ಅದನ್ನು ಒರೆಸಿ, ಕೌದಿಯ ಸಮೇತ ತಮ್ಮನನ್ನು ಅದರಲ್ಲಿ ಮಲಗಿಸಿದೆ.

“ಬಸ್ಯಾ, ಐದರ ಕಲ್ಲ ಇಡು.”

ಬಸು ಕಣ್ಣುಬಾಯಿ ಬಿಟ್ಟ. ಆದರೆ ಇಟ್ಟ. ನನ್ನ ದನಿ ಹೇಗಿತ್ತೋ ನನಗೆ ತಿಳಿಯದು.

“ಎರಡರದ್ದ ಇಡು.”

ಕೋಲು ಸಮ ನಿಂತಿತು. ಏಳು. ಕೂಸನ್ನು ಎತ್ತಿಕೊಂಡು ಕೌದಿ ಕುಲಾವಿಗಳನ್ನಷ್ಟೇ ತಟ್ಟೆಯಲ್ಲಿ ಬಿಟ್ಟೆ, ಆಚೆ ಕಡೆ ಅರ್ಧ ಕಿಲೋದ ಕಲ್ಲು ಇಡಿಸಿದೆ. ಅದೂ ಸಮ. ಆರೂವರೆ ಕಿಲೋ. ಹದಿಮೂರು ಹನಿ. ನಾವು ಹಾಕಿದ್ದು ಇಪ್ಪತ್ತಾರು. ಅಷ್ಟರಲ್ಲಿ ಅಜ್ಜನ ಕಣ್ಣು ಈ ಕಡೆ ಬಿತ್ತು.

“ಏ! ಏನ ನಡಸೀದಿ ಅಲ್ಲಿ? ಯಾರ ಬಿಟ್ರು ನಿನ್ನ ಹೊರಗ?”

“ಕೂಸಿನ ತೂಕ ಮಾಡಾಕತ್ತೀನ್ರಿ. ಆರೂವರಿ ಕಿಲೋ ಐತಿ. ಆಯಿ ಹತ್ತ ಅಂತ ಹೇಳ್ಯಾಳ ಡಾಕ್ಟರ್ಗೆ. ಕಮ್ಮಿ ಐತ್ರಿ ಅಜ್ಜಾರ, ಮೂರೂವರಿ ಕಿಲೋ ಕಮ್ಮಿ ಐತಿ!”

ಆ ಗಾದಿಯ ಮುಂದೆ, ಸಂತೆಯ ದಿನ, ಆ ಮಾತನ್ನು ನಾನು ಗಂಟಲು ಹರಿಯುವಂತೆ ಕೂಗಿದ್ದೆ. ಆಯಿ ಒಂದು ಕೈಯಲ್ಲಿ ಬಾಟಲಿ, ಒಂದು ಕೈಯಲ್ಲಿ ಒಳ್ಳೆ ಹಿಡಿದು ನಡುಬಾಗಿಲಿಗೆ ಓಡಿಬಂದಿದ್ದಳು. ಹೊಸ್ತಿಲು ದಾಟಲಿಲ್ಲ, ಅಲ್ಲಿಂದಲೇ ಹೊಯ್ಕೊಂಡಳು.

“ಸುಳ್ಳರೀ! ತಕ್ಕಡಿ ಸುಳ್ಳ ಐತಿ! ಹತ್ತ ಕಿಲೋ ಐತಿ ನನ್ನ ಮೊಮ್ಮಗ! ಕೆಟ್ಟೈತಿ ತಕ್ಕಡಿ!”

ಮುಶಿಗೇರಿಯ ಒಬ್ಬ ರೈತ, ಆಗಷ್ಟೇ ತನ್ನ ಮೆಣಸಿನಕಾಯಿ ತೂಗಿಸಿ ಮುಗಿಸಿ ತಂಬಾಕು ತಿಕ್ಕುತ್ತಿದ್ದವನು, ತಿಕ್ಕುವುದನ್ನು ಬಿಟ್ಟ.

“ಏನ್ರಿ ಸಾವ್ಕಾರ್ರ,” ಎಂದ ನಿಧಾನವಾಗಿ, “ಹತ್ತ ಕಿಲೋ ಇಟ್ರ ಆರೂವರಿ ತೋರಸ್ತೈತೇನ್ರಿ ಇದು? ನನ್ನ ಮಾಲ ಎಲ್ಲಾ ಇದರಾಗನ ಆದುವಲ್ರೀ ಈಗ!”

ಹಿಂದಿನಿಂದ ಇನ್ನೊಬ್ಬ ಚೀಲದ ಮೇಲಿಂದ ಎದ್ದು ನಿಂತ. ಮತ್ತೊಬ್ಬ ತನ್ನ ಚೀಲದ ಬಾಯಿ ಕಟ್ಟತೊಡಗಿದ. ಅಜ್ಜ ಆಯಿಯನ್ನು ನೋಡಿದ, ರೈತರನ್ನು ನೋಡಿದ. ಅವನ ಮುಖ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತ್ತು. ಹೆಂಡತಿಯ ಮಾತು ಖರೇ ಎಂದರೆ ಅವನ ತಕ್ಕಡಿ ಕಳ್ಳ ತಕ್ಕಡಿ. ತಕ್ಕಡಿ ಖರೇ ಎಂದರೆ ಹೆಂಡತಿಯ ಮಾತು ಸುಳ್ಳು, ಮೊಮ್ಮಗ ಕಮ್ಮಿ, ನಾನು ಖರೇ. ನಾನು ತಮ್ಮನನ್ನು ಅಪ್ಪಿಕೊಂಡು ಅವನನ್ನೇ ನೋಡುತ್ತ ನಿಂತೆ.

“ತಕ್ಕಡಿ ಸುಳ್ಳ ಹೇಳಿತೇನ್ರಿ ಅಜ್ಜಾರ?”

ಅಜ್ಜ ಗಾದಿಯಿಂದ ಎದ್ದ. ತಕ್ಕಡಿಯ ಬಳಿಗೆ ಬಂದು, ಕೌದಿ, ಕಲ್ಲು ತೆಗೆದು ತಟ್ಟೆಗಳೆರಡನ್ನೂ ಬರಿದು ಮಾಡಿ, ಕೋಲು ಸಮ ನಿಲ್ಲುವುದನ್ನು ಎಲ್ಲರಿಗೂ ಕಾಣುವಂತೆ ತೋರಿಸಿದ.

“ನನ್ನ ತಕ್ಕಡಿ ಸುಳ್ಳ ಹೇಳಂಗಿಲ್ಲ,” ಎಂದ. “ಆರೂವರಿ ಅಂದ್ರ ಆರೂವರಿ.”

“ಹಂಗಾದ್ರ ಹದಿಮೂರ ಹನಿ ಹಾಕಬೇಕಿತ್ತು. ಆಯಿ ಇಪ್ಪತ್ತಾರ ಹಾಕ್ಯಾಳ. ದುಪ್ಪಟ್ಟ! ಮೂರ ಸಲ ಹಾಕ್ಯಾಳ. ಕೂಸು ಎಚ್ಚರಾಗವಲ್ದು, ನೋಡ್ರಿ ಬೇಕಾರ!”

ಆಗ ನಡುಬಾಗಿಲಲ್ಲಿ ಆಯಿಯನ್ನು ಪಕ್ಕಕ್ಕೆ ಸರಿಸಿ ಅವ್ವ ಹೊರಗೆ ಬಂದಳು. ಸೆರಗು ತಲೆಯಿಂದ ಜಾರಿತ್ತು, ಸರಿಮಾಡಿಕೊಳ್ಳಲಿಲ್ಲ. ಆಯಿಯ ಕೈಯಿಂದ ಬಾಟಲಿ ಕಿತ್ತುಕೊಂಡಿದ್ದಳು, ಅದನ್ನು ನನಗೆ ಕೊಟ್ಟು ಕೂಸನ್ನು ತಾನು ತೆಗೆದುಕೊಂಡಳು. ಮೆಣಸಿನಕಾಯಿಯ ರಾಶಿಯ ಅಂಚಿನಲ್ಲೇ ಹಾಯ್ದು, ಗಂಡಸರ ನಡುವಿನಿಂದ, ಅಂಗಡಿಯ ಮುಂಬಾಗಿಲಿನಿಂದ ಬೀದಿಗೆ ಇಳಿದಳು. ರೈತರು ಅವಸರದಿಂದ ದಾರಿ ಬಿಟ್ಟರು. ನಾನು ಬಾಟಲಿ ಹಿಡಿದು ಅವಳ ಹಿಂದೆ ಓಡಿದೆ. ದವಾಖಾನೆಯಲ್ಲಿ ಡಾಕ್ಟರು ಕೂಸಿನ ಕಣ್ಣುರೆಪ್ಪೆ ಎತ್ತಿ ನೋಡಿದರು, ಎದೆಗೆ ಕಿವಿನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು.

“ನಿನ್ನೆ ಹತ್ತ ಅಂದ್ರಲ್ಲವಾ?”

“ಆರೂವರಿ ಐತ್ರಿ,” ಎಂದಳು ಅವ್ವ. “ತೂಗೀವಿ.”

“ಇನ್ನೊಂದ ಸಲ ಹಾಕಿದ್ರ ಭಾಳ ಕಷ್ಟ ಇತ್ತು ತಾಯಿ. ಇವತ್ತ ಔಷಧ ಪೂರಾ ಬಂದ್. ಇಲ್ಲೇ ಕೂಡ್ರಿ, ನಾ ಆಗಾಗ ನೋಡ್ತೀನಿ. ಎಚ್ಚರಾದ ಮ್ಯಾಲ ಹಾಲ ಕುಡಸ್ರಿ.”

ನಾವು ಆ ಬೆಂಚಿನ ಮೇಲೆ ಮಧ್ಯಾಹ್ನವೆಲ್ಲ ಕೂತೆವು. ಅವ್ವ ಕೂಸಿನ ಅಂಗಾಲು ತಿಕ್ಕುತ್ತಿದ್ದಳು, ನಾನು ಅದರ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಿದ್ದೆ. ಬಿಸಿಲು ಇಳಿಯುವ ಹೊತ್ತಿಗೆ ಚನ್ನು ಮುಖ ಕಿವುಚಿದ, ಒಂದು ಕಣ್ಣು ತೆರೆದ, ಆಮೇಲೆ ದವಾಖಾನೆಯ ಹಂಚು ಹಾರಿಹೋಗುವಂತೆ ಕಿರುಚಿಕೊಂಡ. ಅವ್ವ ಅಲ್ಲೇ ಗೋಡೆಯ ಕಡೆ ತಿರುಗಿ ಎದೆಗೆ ಹಚ್ಚಿದಳು. ಗುಟುಕಿನ ಸದ್ದು ನನಗೆ ಕೇಳಿಸಿತು. ಅವ್ವ ಬಿಕ್ಕಿ ಬಿಕ್ಕಿ ಅತ್ತಳು, ನಾನೂ ಅತ್ತೆ. ಅಳುತ್ತಲೇ ಅವಳು ನನ್ನ ತಲೆಯ ಮೇಲೆ ಕೈ ಇಟ್ಟು, ತೆಗೆಯದೆ ಹಾಗೇ ಕೂತಳು.

ಮನೆಗೆ ತಿರುಗಿ ಬರುವಾಗಲೂ ಅವ್ವ ಹಿತ್ತಲ ಓಣಿಗೆ ಹೊರಳಲಿಲ್ಲ, ಅಂಗಡಿಯ ಬಾಗಿಲಿನಿಂದಲೇ ಒಳಗೆ ಬಂದಳು. ಸಂತೆ ಮುಗಿದಿತ್ತು. ತಕ್ಕಡಿಯನ್ನು ತೊಳೆದು, ವಿಭೂತಿ ಬಳಿದು, ಕುಂಕುಮ ಹಚ್ಚಿ, ಮುಂದೆ ದೀಪ ಇಟ್ಟಿದ್ದರು. ಅಜ್ಜ ಗಾದಿಯ ಮೇಲೆ ಕೂತಿದ್ದ. ಆಯಿ ಅಂದು ಮೊದಲ ಸಲ ನಡುಬಾಗಿಲ ಹೊಸ್ತಿಲ ಮೇಲೆಯೇ ಕುಸಿದು ಕೂತಿದ್ದಳು, ಅತ್ತು ಅತ್ತು ಕಣ್ಣು ಊದಿದ್ದವು. ಕೂಸು ಕೈಕಾಲು ಆಡಿಸುವುದನ್ನು ಕಂಡು ಎರಡೂ ಕೈಯಿಂದ ದೃಷ್ಟಿ ತೆಗೆದು ನೆಟಿಗೆ ಮುರಿದಳು. ಕೂಸು ಉಳಿಯಿತಲ್ಲ, ಇನ್ನು ಎಲ್ಲ ಮುಗಿಯಿತು ಎಂದು ನಾನು ತಿಳಿದಿದ್ದೆ. ನನ್ನ ಲೆಕ್ಕ ಅಲ್ಲಿ ತಪ್ಪಿತು.

“ಬಾ ಇಲ್ಲಿ,” ಎಂದ ಅಜ್ಜ ನನಗೆ. “ತಕ್ಕಡಿಗೆ ಅಡ್ಡ ಬೀಳು. ತಪ್ಪಾತು ಅನ್ನು.”

“ಏನ್ ತಪ್ಪ ಮಾಡೀನ್ರಿ?”

“ಹೆಣ್ಣ ಹುಡುಗಿ ತಕ್ಕಡಿ ಮುಟ್ಟಿ. ಅದರಾಗ ಕೂಸಿನ್ನ ಇಟ್ಟಿ. ಪ್ಯಾಟಿ ಮಂದಿ ಮುಂದ ನನ್ನ ಮನಿತನದ ಕಮ್ಮಿ ತೋರಿಸ್ದಿ. ಬೀಳು. ಬೀಳಲಿಲ್ಲ ಅಂದ್ರ ನಾಳಿಂದ ಸಾಲಿ ಬಂದ್. ಲೆಕ್ಕ ಕಲ್ತದ್ದ ಸಾಕು.”

ಅಜ್ಜ ಹೇಳಿದ್ದನ್ನು ಮಾಡುವವನು, ಅದು ನನಗೆ ಗೊತ್ತಿತ್ತು. ಓಣಿಯಲ್ಲಿ ನನ್ನ ವಾರಿಗೆಯ ಹುಡುಗಿಯರಲ್ಲಿ ಸಾಲೆಗೆ ಹೋಗುತ್ತಿದ್ದವಳು ನಾನೊಬ್ಬಳೇ. ನನಗೆ ಇದ್ದದ್ದು ಅದೊಂದೇ. ಬೀಳುವುದೇನು ದೊಡ್ಡದು, ಮೊಳಕಾಲೂರಿ ಹಣೆ ಮುಟ್ಟಿಸಿದರೆ ಆಯಿತು, ಹಬ್ಬಕ್ಕೆ ಎಲ್ಲರೂ ಬೀಳುತ್ತಾರೆ. ಆಯಿಯೂ ಅದನ್ನೇ ಹೇಳಿದಳು.

“ಒಂದ ಸಲ ಬೀಳು ನನ್ನವ್ವಾ. ಏನ್ ಸವೀತೈತಿ ನಿಂದು? ಬಿದ್ದ ಏಳು, ಮುಗೀತು.”

“ಬೀಳಂಗಿಲ್ಲ,” ಎಂದೆ. “ಕಮ್ಮಿ ಇದ್ದದ್ದಕ್ಕ ಕಮ್ಮಿ ಅಂದೀನಿ. ಅದು ತಪ್ಪಲ್ಲ. ಸಾಲಿ ಬಿಡಸ್ರಿ ಬೇಕಾರ. ನಾ ಬೀಳಂಗಿಲ್ಲ.”

ಅಜ್ಜ ಗಾದಿಯಿಂದ ಇಳಿದ. ಹೊಡೆಯುತ್ತಾನೆ ಎಂದುಕೊಂಡೆ. ಕಣ್ಣು ಮುಚ್ಚಲಿಲ್ಲ. ಆಗ ನನ್ನ ಹಿಂದಿನಿಂದ ಒಂದು ದನಿ ಬಂತು. ಆ ಅಂಗಡಿಯಲ್ಲಿ ಯಾರೂ ಕೇಳದ ದನಿ ಅದು, ಅವ್ವನದು.

“ಮಾವಾರ, ಈ ಮನ್ಯಾಗ ನಮಸ್ಕಾರ ಹಿರಿಯಾರಿಂದ ಶುರು ಆಗ್ತೈತ್ರಿ. ಹಬ್ಬಕ್ಕಾದ್ರೂ ಅಷ್ಟ, ಪೂಜಿಗಾದ್ರೂ ಅಷ್ಟ. ನೀವು ಮೊದಲ ಬೀಳ್ರಿ. ಕೂಸಿನ ತೂಕ ಮಾಡಬಾರ್ದು ಅಂತ ಪದ್ಧತಿ ನಡಸ್ಕೊಂಡ ಬಂದವ್ರು ನೀವು. ಆಮ್ಯಾಲ ಅತ್ತಿಯಾರು ಬೀಳ್ಲಿ, ಹತ್ತ ಅಂತ ಹೇಳಿ ಹನಿ ಹಾಕಿದವ್ರು ಅವ್ರು. ಆಮ್ಯಾಲ ನಾ ಬೀಳ್ತೀನಿ. ಕೂಸು ಕುಡೀವಲ್ದು ಅಂತ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ನಿಂತಾಕಿ ನಾ. ನಮ್ಮೆಲ್ಲಾರದೂ ಮುಗೀಲಿ. ಕಡೀಕ ನೀಲಾನ ಪಾಳಿ. ಅಲ್ಲೀತನಕ ಆಕಿ ನಿಂತಿರ್ತಾಳ.”

ಅವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು, ಸೆರಗಿಲ್ಲದ ತಲೆ ಎತ್ತಿ, ಮಾವನ ಮುಖವನ್ನೇ ನೋಡುತ್ತಿದ್ದಳು. ಅಜ್ಜ ತಕ್ಕಡಿಯ ಕಡೆ ನೋಡಿದ. ಒಂದು ಹೆಜ್ಜೆ ಮುಂದಿಟ್ಟ ಎಂದು ನನಗೆ ಅನಿಸಿತು, ಇಡಲಿಲ್ಲ. ಗೂಟದ ಮೇಲಿನ ಟೋಪಿ ತೆಗೆದು ತಲೆಗೆ ಇಟ್ಟು, ಕೆರ ಮೆಟ್ಟಿಕೊಂಡು ಬೀದಿಗೆ ಇಳಿದು ಹೋದ. ಆಯಿ ಹೊಸ್ತಿಲಿನಿಂದ ಎದ್ದು, ಒಳಗೆ ನಡೆದು ಒಲೆಯ ಮುಂದೆ ಕೂತಳು. ಮರುದಿನ ಬೆಳಿಗ್ಗೆ ನಾನು ಪಾಟಿಚೀಲ ಹೆಗಲಿಗೆ ಹಾಕಿಕೊಂಡು ಸಾಲೆಗೆ ಹೋದೆ. ಯಾರೂ ಬೇಡ ಅನ್ನಲಿಲ್ಲ.

ಅಜ್ಜ ಹೋದ, ಆಯಿ ಹೋದಳು, ಮೊನ್ನೆ ಮೊನ್ನೆ ಅವ್ವನೂ ಹೋದಳು. ಅವರಲ್ಲಿ ಯಾರೂ ಬೀಳಲಿಲ್ಲ. ಹಾಗಾಗಿ ನನ್ನ ಪಾಳಿ ಇನ್ನೂ ಬಂದಿಲ್ಲ. ನಾನು ನಿಂತೇ ಇದ್ದೇನೆ.